ಸೋಪು ಮುಟ್ಟದ ಬುರುಡೆಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಸಿಕೆ ಪ್ರಯೋಗಾಲಯದ ಹಿಂಬದಿಯ ಕೋಣೆಯಲ್ಲಿ ಬುರುಡೆಯಕ್ಕ ರವಿಕೆಯ ತೋಳು ಮೇಲೇರಿಸಿ ನಿಂತಿದ್ದಾರೆ. ದುಂಡನೆಯ ಗಾಜಿನ ಬುರುಡೆಯೊಂದನ್ನು ಕಿಟಕಿಗೆ ಹಿಡಿದು ಒಕ್ಕಣ್ಣಲ್ಲಿ ನೋಡುತ್ತಾರೆ. ಒಳಮೈಯಲ್ಲಿ ನೀರು ಹನಿಹನಿಯಾಗಿ ನಿಂತರೆ ಹಿಂದಿನ ಸಲದ ಜಿಡ್ಡು ಉಳಿದಿದೆ ಎಂದರ್ಥ. ನಿಂತಿದೆ. "ಇನ್ನೂ ಸ್ನಾನ ಬೇಕಾ ನಿಂಗೆ?" ಎಂದು ಗದರಿಸಿ ಮತ್ತೆ ಸ್ಪಿರಿಟ್ ಹಾಕಿ ಕುಲುಕುತ್ತಾರೆ.

ಬುರುಡೆ ಬಿಡುವವರು ಎಲ್ಲ ಕಡೆ ಸಿಗುತ್ತಾರೆ. ಬುರುಡೆ ತೊಳೆದೇ ತಲೆ ನರೆತವರು ಇವರೊಬ್ಬರೇ ಇರಬೇಕು. ತೊಳೆದ ಈ ಬುರುಡೆಗಳ ಒಳಮೈಗೆ ಸಂಶೋಧಕರು ಹೊಸದಾಗಿ ಕೊಬ್ಬಿನ ತೆಳು ಪದರ ಹಿಡಿಸುತ್ತಾರೆ. ಲಸಿಕೆಯ ಸಾರವಿರುವ ನೀರು ಹಾಕಿ ತಿರುಗಿಸಿದರೆ ಪದರ ಎದ್ದು ಬಂದು, ಕಣ್ಣಿಗೆ ಕಾಣದ ಗುಳ್ಳೆಗಳಾಗುತ್ತದೆ. ಮೈಯೊಳಗೆ ಹೋದ ಲಸಿಕೆ ದಾರಿಯಲ್ಲೇ ಹಾಳಾಗದಂತೆ ಕಾಯುವುದು ಆ ಗುಳ್ಳೆ.

ಚೊಚ್ಚಲ ಮಗುವನ್ನು ಜ್ವರ ಕಿತ್ತುಕೊಂಡ ವರ್ಷವೇ ಅವರು ಇಲ್ಲಿಗೆ ಬಂದದ್ದು. ಅದೇ ಜ್ವರಕ್ಕೆ ಇಲ್ಲಿ ಲಸಿಕೆ ಹುಡುಕುತ್ತಿದ್ದರು. ಬಂದ ಹೊಸದರಲ್ಲೇ ಎಡವಟ್ಟಾಯಿತು. "ಮನೇಲಿ ಪಾತ್ರೆ ಫಳಫಳ ಹೊಳೆಸೋಳು ನಾನು. ಇಲ್ಲೂ ಸೋಪು ಹಾಕಿ ತಿಕ್ಕಿದೆ ನೋಡಿ! ಚೂರು ಉಳಿದಿತ್ತಂತೆ, ಗುಳ್ಳೆಯೆಲ್ಲ ಒಡೆದೋದ್ವು" ಎಂದು ಈಗ ನಗುತ್ತಾರೆ. ಅಂದು ನಗು ಬಂದಿರಲಿಲ್ಲ. ಸಂಶೋಧನೆಯ ಹೊಣೆ ಹೊತ್ತಿದ್ದ ಡಾಕ್ಟರಮ್ಮ ಬೈಯಲಿಲ್ಲ. "ಜಿಡ್ಡಿಗೆ ಸೋಪು ಶತ್ರು ಅಂತ ನಿಂಗೆ ಗೊತ್ತಲ್ಲ. ನಮ್ ಗುಳ್ಳೆಯೆಲ್ಲ ಜಿಡ್ಡೇ ಕಣೇ" ಎಂದರಂತೆ.

ಎಂಥ ಕಾಲವದು! ತಿರುಗಿಸುವ ಯಂತ್ರ ಕೆಟ್ಟರೆ ಇಬ್ಬರೂ ಎದುರುಬದುರು ಕೂತು, ಬೆಚ್ಚನೆಯ ನೀರಿನಲ್ಲಿ ಬುರುಡೆಯನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಕೈ ಸೋತರೂ ಮಾತು ಸೋಲುತ್ತಿರಲಿಲ್ಲ. ಡಾಕ್ಟರಮ್ಮ ತೀರಿಕೊಂಡು ವರ್ಷಗಳಾದವು. "ಅವರ ಜೊತೆ ಜಗಳ ಆಡೋಕಾದ್ರೂ ಒಂದಿನ ಸಿಗಬಾರ್ದಾ ಅನ್ಸುತ್ತೆ" ಎನ್ನುತ್ತಾ ಬುರುಡೆಯಕ್ಕ ಮುಂದಿನ ಬುರುಡೆ ಕೈಗೆತ್ತಿಕೊಳ್ಳುತ್ತಾರೆ.

ಎಷ್ಟೋ ಸಲ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈ ವಾರ ತಯಾರಾಗುವ ಲಸಿಕೆ ಮಾತ್ರ ಮೊದಲ ಸಲ ಮನುಷ್ಯರಿಗೆ ಹೋಗುತ್ತದೆ: ಮೊದಲು ದೊಡ್ಡವರಿಗೆ, ಗೆದ್ದರೆ ಮಕ್ಕಳಿಗೆ. ಬುರುಡೆಯಕ್ಕನ ನಿವೃತ್ತಿಯೂ ಹತ್ತಿರದಲ್ಲೇ ಇದೆ. ಅಷ್ಟರೊಳಗೆ ಮಕ್ಕಳ ಸರದಿ ಬರುತ್ತದೋ ಇಲ್ಲವೋ, ಯಾರೂ ಹೇಳಲಾರರು.

ಆ ಸರದಿ ಬಂದರೆ ನಿಮಗಾಗಿ ಏನು ಕೇಳುತ್ತೀರಿ ಎಂದರೆ, ಒದ್ದೆ ಕೈ ಒರೆಸಿಕೊಳ್ಳುತ್ತಾರೆ.

"ಕೊನೆಗೆ ನನ್ನ ಕೂಸಿಗೆ ಅಳೋಕೂ ತ್ರಾಣ ಇರ್ಲಿಲ್ಲ. ಈ ಸೂಜಿ ಚುಚ್ಚಿಸ್ಕೊಂಡ ಮಗು, ಯಾರದ್ದಾದ್ರೂ ಆಗ್ಲಿ, ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ಕೊಂಡು ಅಳ್ಬೇಕು. ಪಕ್ಕದಲ್ಲಿ ನಿಂತು ಒಂದ್ಸಲ ಕೇಳ್ಬೇಕು ನಾನು."