ಮುರ್ತುಜಾಸಾಬ ಮತ್ತು ಮೋಟು ಬಂದೂಕು

ತಾಳಿಕೋಟೆ–ಮುದ್ದೇಬಿಹಾಳ ಬಸ್ಸಿನಲ್ಲಿ ನಾನು ಕಂಡಕ್ಟರ್. ಚಿಲ್ಲರೆಗೆ ಜಗಳ, ಸೀಟಿಗೆ ಜಗಳ, ದಿನವಿಡೀ ಬಾಯಿ ಮಾಡಿ ಮಾಡಿ ನನಗೆ ಯಾರೂ ದೊಡ್ಡವರಾಗಿ ಕಾಣುವುದೇ ಬಿಟ್ಟುಹೋಗಿದೆ. ಅಂಥ ನಾನು ಒಬ್ಬರ ಮುಂದೆ ಮಾತ್ರ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ಅವರು ತಾಳಿಕೋಟೆಯ ಬಡಗಿ ಮುರ್ತುಜಾಸಾಬ. ಬಾಗಿಲ ಚೌಕಟ್ಟು, ಮಂಚ, ಕೂರಿಗೆ ಅವರ ಕೆಲಸ. ಮೊಹರಂ ಬಂತೆಂದರೆ ಸುತ್ತಲಿನ ಊರುಗಳ ಮೆರವಣಿಗೆಯ ಮುರುಕು ಡೋಲಿಗಳೆಲ್ಲ ಅವರ ಅಂಗಡಿಯ ಮುಂದೆ ಬಂದು ಬೀಳುತ್ತವೆ. ಬಂದೂಕು ಮಾತ್ರ ಅವರು ಆಯುಷ್ಯದಲ್ಲಿ ಮುಟ್ಟಿದ್ದು ನಮ್ಮದೊಂದೇ.

ಅದು ನನ್ನ ಅವ್ವ ರಾಮವ್ವನ ಅಪ್ಪ ಯಂಕಪ್ಪನ ಬಂದೂಕು. ಅಜ್ಜ ಮಸೂತಿ ಎಂಬ ನಮ್ಮೂರಿನಲ್ಲಿ ದೇಸಾಯರ ಹೊಲ ಕಾಯುತ್ತಿದ್ದ. ಕಾವಲಿಗೆಂದು ಅವರು ಕೊಟ್ಟದ್ದು ಹಳೆಯ ಮಿಲಿಟರಿ ರೈಫಲ್ಲು. ಒಂದು ದಿನ ಅಜ್ಜ ಅದರ ನಳಿಗೆಯ ಕೆಳಗಿನ ಕಟ್ಟಿಗೆಯನ್ನು ಮೊಳದಷ್ಟು ಕೊಯ್ದುಬಿಟ್ಟ. ಯಾಕೆ ಅಂದರೆ ಬಾಯಿ ಬಿಡಲೊಲ್ಲ. ಹಗುರ ಮಾಡಿಕೊಂಡು ಕಳ್ಳಬೇಟೆಗೆ ಹೋಗುತ್ತಾನೆಂದು ದೇಸಾಯರು ಕೆಂಡವಾಗಿ, ಆ ಮೋಟು ಬಂದೂಕನ್ನು ಅವನ ಕಾಲ ಮೇಲೆಯೇ ಒಗೆದು ಕೆಲಸದಿಂದ ತೆಗೆದರಂತೆ. ಬಂದೂಕು ನಮ್ಮ ಮನೆಯ ಅಟ್ಟ ಸೇರಿತು. ಅಜ್ಜನ ಹೆಸರಿಗೆ ಕಳ್ಳಬೇಟೆ ಅಂಟಿಕೊಂಡಿತು.

ಮಹಾನವಮಿಯ ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ನಮ್ಮ ಮನೆತನದಲ್ಲಿ ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನ ನಟ್ಟು ಬಿಗಿಯುವ ಪಾನಾತನಕ ಎಲ್ಲವನ್ನೂ ಸಾಲಾಗಿ ಇಡುತ್ತೇವೆ. ಆ ಸಾಲಿನಲ್ಲಿ ಬಂದೂಕಿಗೆ ಜಾಗವಿಲ್ಲ. ಮುರಿದದ್ದು ಭಿನ್ನ, ಭಿನ್ನವಾದದ್ದಕ್ಕೆ ಪೂಜೆಯಿಲ್ಲ. ಪೂಜೆ ಮಾಡುವವನು ಅವ್ವನ ದೊಡ್ಡಪ್ಪನ ಮಗ, ನನ್ನ ಸಿದ್ದರಾಯ ಮಾಮ. ಅವ್ವ ಬಂದೂಕಿನ ಮಾತೆತ್ತಿದಾಗಲೆಲ್ಲ ಅವನದು ಒಂದೇ ರಾಗ: “ಬಂದೂಕೂ ಭಿನ್ನ, ಹಿಡಿದಾಂವನ ಹೆಸರೂ ಭಿನ್ನ. ಸುಮ್ನ ಕುಂದ್ರು ರಾಮವ್ವಾ.” ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ನನಗೋ ಮಾಮನ ತಲೆಯ ಪಟಗ ಕಿತ್ತು ಒಗೆಯುವಷ್ಟು ಸಿಟ್ಟು!

ಹೋದ ವರ್ಷ ಅವ್ವ ಹಟ ಹಿಡಿದಳು. “ನಾ ಕಣ್ಣು ಮುಚ್ಚೂದ್ರಾಗ ಅಪ್ಪನ ಬಂದೂಕು ಒಮ್ಮೆ ಪೂಜಿಗಿ ಕುಂದ್ರಬೇಕು. ಕಟ್ಟಿಗಿ ಕೂಡಿಸಿಕೊಂಡು ಬಾ, ರೇಣುಕಾ.”

ಗುಂಡು ಹಾರದಂತೆ ಪೊಲೀಸರು ಎಂದೋ ನಳಿಗೆಗೆ ಬೆಸುಗೆ ಹಾಕಿಸಿ ಕಾಗದ ಕೊಟ್ಟಿದ್ದರು. ಆ ಕಾಗದವನ್ನೂ ಚಾದರದಲ್ಲಿ ಸುತ್ತಿದ ಬಂದೂಕನ್ನೂ ಹೊತ್ತು ತಾಳಿಕೋಟೆಗೆ ಹೋದೆ.

“ಎಷ್ಟು ದಿನಾ ಬೇಕು ಚಾಚಾ?”

“ಅದನ್ನ ಕಟ್ಟಿಗಿ ಹೇಳ್ತೈತಿ.”

“ಕಟ್ಟಿಗಿ ಬಾಯಿ ಬಿಡೂತನಕಾ ನಾ ರಿಟೈರ್ ಆಗ್ತೇನಿ!”

ಮುರ್ತುಜಾಸಾಬರು ನಕ್ಕರು, ಅಷ್ಟೇ. ಯಾರೋ ಪುಣ್ಯಾತ್ಮರು ಬಂದೂಕಿನ ಹಿಡಿಗೆ ಬಾಗಿಲಿಗೆ ಬಳಿದು ಉಳಿದ ಹಸಿರು ಬಣ್ಣ ಬಳಿದಿದ್ದರು. ಅದನ್ನು ತೆಗೆಯಲು ಚಾಚಾ ಮಷೀನು ಮುಟ್ಟಲಿಲ್ಲ. ಒಡೆದ ಗಾಜಿನ ಚೂರು ಹಿಡಿದು ಮೆಲ್ಲಗೆ ಕೆರೆದರು. ಡ್ಯೂಟಿ ಮುಗಿಸಿ ಹೋದಾಗಲೆಲ್ಲ ಅಂಗೈಯಗಲ ಜಾಗ ಹಸನಾಗಿರುತ್ತಿತ್ತು. ತುಕ್ಕಿಗೆ ಸೀಮೆಎಣ್ಣೆ, ಕಟ್ಟಿಗೆಗೆ ಕಾಯಿಸಿದ ಅಗಸೆ ಎಣ್ಣೆ. ಎಣ್ಣೆಯನ್ನು ಅವರು ಬಟ್ಟೆಯಿಂದ ಹಚ್ಚುತ್ತಿರಲಿಲ್ಲ, ಹಸುಗೂಸಿಗೆ ತಿಕ್ಕಿದ ಹಾಗೆ ಬರಿಗೈಯಿಂದ ತಿಕ್ಕುತ್ತಿದ್ದರು. ಒಂದು ಸಂಜೆ ಅದನ್ನು ಬಿಸಿಲಿಗೆ ಹಿಡಿದರು. ಅಬ್ಬಾ! ಆ ಕೊಳಕು ಹಸಿರಿನ ಕೆಳಗೆ ಕರಿ, ಕೆಂಪು, ಬೆಲ್ಲದ ಬಣ್ಣದ ಗೆರೆಗಳು ಹೊಳೆ ಹರಿದಂತೆ ಹರಿಯುತ್ತಿದ್ದವು.

“ಅಕ್ರೋಟ ಕಟ್ಟಿಗಿ,” ಅಂದರು ಚಾಚಾ. “ನಮ್ಮ ಸೀಮ್ಯಾಗ ಬೆಳಿಯೂದಲ್ಲ.”

“ಹಂಗಾರ ಬ್ಯಾರೆ ಕಟ್ಟಿಗಿ ಕೂಡಿಸಿ ಮುಗಿಸ್ರಿ. ಮಹಾನವಮಿ ಬಂತು.”

ಅವರು ನನ್ನ ಬೆರಳು ಹಿಡಿದು ಬಂದೂಕಿನ ಕೊಯ್ದ ಜಾಗದ ಮೇಲೆ ಇಟ್ಟರು. “ಇಲ್ಲಿ ಕಟ್ಟಿಗಿ ಚಕ್ಕಿ ಎದ್ದದ್ದು ಗೊತ್ತಾಗ್ತೈತಿಲ್ಲ? ಕೊಯ್ಯಾಂವ ತನಗ ಬೇಕಾದ ತುಂಡಿಗೆ ಚಕ್ಕಿ ಏಳಗೊಡೂದಿಲ್ಲ, ಬ್ಯಾಡಾದ ಕಡಿಗೆ ಎಬ್ಬಸ್ತಾನ. ನಿಮ್ಮಜ್ಜ ಬಂದೂಕು ಸಣ್ಣದು ಮಾಡಾಕ ಕೊಯ್ದಿಲ್ಲವ್ವ. ಅಂವಗ ಬೇಕಾಗಿದ್ದು ಆ ತುಂಡು.”

ನಾನು ಬೆರಳನ್ನು ಅಲ್ಲೇ ಇಟ್ಟುಕೊಂಡು ಕೂತೆ. ಇಷ್ಟು ವರ್ಷ ಇಡೀ ಊರು ಆ ಬಂದೂಕನ್ನು ನೋಡಿತ್ತು, ಮಾಮ ನೋಡಿದ್ದ, ನಾನು ನೋಡಿದ್ದೆ. ಕೊಯ್ದವನ ಮನಸ್ಸನ್ನು ಕಟ್ಟಿಗೆಯ ಮೇಲೆ ಓದಿದವರು ಇವರೊಬ್ಬರೇ.

“ಹೊಸಾದು ಕೂಡಸೂಕಿಂತ ಮೊದ್ಲ ನಿಮ್ಮ ಮನ್ಯಾಗಿನ ಹಳೀ ಕಟ್ಟಿಗಿ ಒಮ್ಮೆ ನೋಡ್ತೇನಿ,” ಅಂದರು.

ಹೀಗೆ ಬಂದೂಕಿನೊಂದಿಗೆ ಅವರು ಮಸೂತಿಯ ನಮ್ಮ ಮನೆಗೆ ಬಂದರು. ಸುದ್ದಿ ತಿಳಿದು ಸಿದ್ದರಾಯ ಮಾಮನೂ ತಮಾಷೆ ನೋಡಲು ಬಂದು ಕೂತ. ಚಾಚಾ ಅಟ್ಟ ನೋಡಿದರು, ದನದ ಕೊಟ್ಟಿಗೆ ನೋಡಿದರು, ಹಳೆಯ ಕೂರಿಗೆ ತಿರುವಿ ಹಾಕಿದರು. ಏನೂ ಇಲ್ಲ. ಚಹಾ ಕುಡಿಯಲು ಪಡಸಾಲೆಯಲ್ಲಿ ಕೂತವರ ಕಣ್ಣು ಮಾತ್ರ ತೊಲೆಗೆ ಕಟ್ಟಿದ್ದ ಜೋಳಿಗೆಯ ಮೇಲೆ ನಿಂತಿತು. ಸೀರೆಯ ಜೋಳಿಗೆಯಲ್ಲಿ ನನ್ನ ಮೊಮ್ಮಗ ಸಂಗು ಮಲಗಿದ್ದ. ಸೀರೆಯ ಎರಡು ಮಗ್ಗುಲು ಕೂಸಿನ ಮುಖದ ಮೇಲೆ ಕೂಡದಂತೆ ನಡುವೆ ಒಂದು ಕಟ್ಟಿಗೆಯನ್ನು ಅಡ್ಡ ಸಿಕ್ಕಿಸಿರುತ್ತೇವಲ್ಲ, ಅದನ್ನೇ ನೋಡುತ್ತಿದ್ದರು.

“ಆ ಕಟ್ಟಿಗಿ ಎಲ್ಲೀದ್ರಿ, ಅಕ್ಕಾರ?”

“ನಮ್ಮಪ್ಪ ನನ್ನ ಸಲುವಾಗಿ ಮಾಡಿದ್ದರಿ,” ಅಂದಳು ಅವ್ವ. “ಅವ್ವ ನನ್ನ ಹಡದು ಸತ್ಳು. ಹೊಲದಾಗ ಬೇವಿನ ಗಿಡಕ್ಕ ಜೋಳಿಗಿ ಕಟ್ಟಿ, ನನ್ನ ಅದರಾಗ ಮಲಗಿಸಿ ಕಾವಲಿ ಕಾಯ್ತಿದ್ದಂತ. ಗಿಡದ ಹಸಿ ಟೊಂಗಿ ಸಿಕ್ಕಸಿದ್ರ ಬಾಗಿ ಸೀರಿ ನನ್ನ ಮುಖಕ್ಕ ಬೀಳ್ತಿತ್ತಂತ. ಆಮ್ಯಾಲ ರೇಣುಕಾ ಅದರಾಗ ಬೆಳದ್ಲು, ಆಕಿ ಮಗಳು ಬೆಳದ್ಲು, ಈಗ ಸಂಗು.”

“ಒಮ್ಮೆ ಬಿಚ್ಚಲೇನ್ರಿ?”

“ಕೂಸು ಮಲಗೇತಿ. ಏಳೂತನಕಾ ಮುಟ್ಟಬ್ಯಾಡ್ರಿ.”

ಚಾಚಾ ಚಹಾ ಬಿಟ್ಟು ಎದ್ದು, ಜೋಳಿಗೆಯ ಪಕ್ಕದಲ್ಲೇ ನೆಲಕ್ಕೆ ಕೂತರು. ಸಂಗು ಯಾವತ್ತೂ ಇಲ್ಲದ ನಿದ್ದೆ ತೆಗೆದ, ಭಾಡ್ಯಾ! ಕೊನೆಗೆ ಎದ್ದು ಅತ್ತಾಗ ಅವ್ವ ಅವನನ್ನು ಎತ್ತಿಕೊಂಡಳು. ಚಾಚಾ ಕಟ್ಟಿಗೆ ಬಿಡಿಸಿಕೊಂಡರು. ತಲೆಮಾರುಗಳ ಎಣ್ಣೆ, ಅರಿಷಿಣ, ಕಾಡಿಗೆ ಕೂತು ಅದು ಕರ್ರಗಾಗಿತ್ತು. ಉದ್ದಕ್ಕೂ ಒಂದು ಕಡೆ ತೋಡು. ನಾವು ಅದನ್ನು ಸೀರೆ ಸಿಕ್ಕಿಸಲು ಅಜ್ಜ ಕೊರೆದದ್ದು ಅಂದುಕೊಂಡಿದ್ದೆವು. ಅದು ನಳಿಗೆ ಕೂರುವ ತೋಡು. ಚಾಚಾ ಒಂದು ತುದಿಯನ್ನು ಒರೆಸಿ, ಬಂದೂಕಿಗೆ ತಂದು ಹಚ್ಚಿದರು.

ಕೊಯ್ದ ಮೈಗೆ ಮೈ ಕೂತಿತು. ಒರೆಸಿದ ಜಾಗದಲ್ಲಿ ಬಂದೂಕಿನ ಗೆರೆಗಳು ನಿಲ್ಲದೆ ಮುಂದಕ್ಕೆ ಹರಿದವು. “ಯಾ ಅಲ್ಲಾ,” ಅಂದರು ಚಾಚಾ ಮೆಲ್ಲಗೆ.

ಸಿದ್ದರಾಯ ಮಾಮ ಗೋಡೆ ಹಿಡಿದು ಎದ್ದು ಬಂದ. ಕೂಡಿದ ಜಾಗದ ಮೇಲೆ ಬೆರಳಾಡಿಸಿದ. “ಕಾಕಾ ಒಂದು ಮಾತರ ಹೇಳಬೇಕಿತ್ತಲ್ಲ, ರಾಮವ್ವಾ. ಯಾಕ ಹೇಳಲಿಲ್ಲಾಂವ?”

ಅವ್ವ ಸಂಗುವನ್ನು ಎದೆಗೆ ಒತ್ತಿಕೊಂಡಳು. “ಹುಟ್ಟಿದ ಕೂಡ್ಲೇ ಅವ್ವನ್ನ ನುಂಗಿದಾಕಿ ಅಂತಿತ್ತು ಊರು ನನಗ. ನೀನೂ ಕೇಳಿಯಲ್ಲ. ಕೂಸಿನ ಸಲುವಾಗಿ ಕೊಯ್ದೆ ಅಂತ ಅಪ್ಪ ಹೇಳಿದ್ರ, ಅವನ ಚಾಕರೀನೂ ನುಂಗಿದ್ಲು ಅಂತಿತ್ತು.” ಅಷ್ಟು ಹೇಳಿ ಅವ್ವ ಬಿಕ್ಕಿ ಬಿಕ್ಕಿ ಅತ್ತಳು. ಮಾಮ ತಲೆ ಎತ್ತಲಿಲ್ಲ. ನಾನೂ ಅತ್ತೆ, ನನಗೇನು ನಾಚಿಕೆ.

“ಕೂಡಸಲೇನ್ರಿ, ಅಕ್ಕಾರ?” ಕೇಳಿದರು ಚಾಚಾ. “ಗೆರಿ ಸೈತ ಕಾಣದಂಗ ಕೂಡಸ್ತೇನಿ. ಜೋಳಿಗಿಗೆ ಸಾಗವಾನಿದು ಹೊಸಾದು ಮಾಡಿಕೊಡ್ತೇನಿ.”

ಅವ್ವ ಕಣ್ಣೊರೆಸಿಕೊಂಡು ಕಟ್ಟಿಗೆಗೆ ಕೈ ಚಾಚಿದಳು. “ಬ್ಯಾಡ್ರಿ ಅಣ್ಣಾ. ಅಪ್ಪ ಕೂಸಿಗಂತ ಕೊಯ್ದದ್ದು, ಕೂಸಿಗೇ ಇರ್ಲಿ.”

ಮಹಾನವಮಿಯ ದಿನ ಬಂದೂಕನ್ನು ಮೋಟಾಗಿಯೇ ತಂದು ಸಾಲಿನ ನಟ್ಟನಡುವೆ ಇಟ್ಟವನು ಸಿದ್ದರಾಯ ಮಾಮನೇ. ಕುಂಕುಮದ ಬಟ್ಟಲು ಹಿಡಿದು ಕೂತು, ಮೊದಲು ಆ ಕೊಯ್ದ ಜಾಗಕ್ಕೇ ಹಚ್ಚಿದ.