ಸೋತವನ ಮನೆಯ ಊಟ

೧೯೯೭ರ ಮೇ ೧೧, ಭಾನುವಾರ. ಈ ದಿನಾಂಕವನ್ನು ನಾನು ನೆನಪಿನಿಂದ ಬರೆಯುತ್ತಿಲ್ಲ. ನನ್ನ ನೆನಪು ಆ ಸಂಜೆಯನ್ನು ಏಪ್ರಿಲ್‌ಗೆ ಸೇರಿಸಿಬಿಟ್ಟಿತ್ತು. ಸೋಸಲೆಯಲ್ಲಿರುವ ನನ್ನ ಅಕ್ಕ ಗೋಡೆ ಕ್ಯಾಲೆಂಡರಿನ ಹಾಳೆಗಳನ್ನು ಎಸೆಯುವವಳಲ್ಲ. ಹಸು ಕರು ಹಾಕಿದ ದಿನ, ಡೈರಿಗೆ ಹಾಲು ಹಾಕದ ದಿನ, ನೆಂಟರು ಬಂದುಹೋದ ದಿನ, ಎಲ್ಲವನ್ನೂ ಆಯಾ ಚೌಕದೊಳಗೆ ಬರೆದಿಡುತ್ತಾಳೆ. ಆ ಭಾನುವಾರದ ಚೌಕದಲ್ಲಿ ಪೆನ್ಸಿಲ್ಲಿನಲ್ಲಿ ಇಷ್ಟಿದೆ: "ಗಾಳಿ ಮಳೆ. ಯಾರೂ ಕಲ್ಲು ಮುಟ್ಟಲಿಲ್ಲ."

ಜಮೀನು ಪಾಲಾದ ಮೇಲೆ ನನ್ನ ಭಾವನಿಗೂ ಅವರ ಅಣ್ಣನಿಗೂ ಮಾತಿರಲಿಲ್ಲ. ಪಾಲಿನಲ್ಲಿ ಅನ್ಯಾಯವಾಗಿತ್ತೆಂದಲ್ಲ. ನಾಲೆಯ ನೀರಿನ ಸರದಿಯಲ್ಲಿ ಬಂದ ಒಂದು ಮಾತು ಹಾಗೆಯೇ ಉಳಿದುಹೋಗಿತ್ತು. ಹಿರಿಯವನು ಕರೆಯದೆ ಹೇಗೆ ಹೋಗಲಿ ಎಂದು ಭಾವ. ಕಿರಿಯವನು ಬಂದು ಕರೆಯದೆ ಹೇಗೆ ಹೋಗಲಿ ಎಂದು ಅವರಣ್ಣ. ಅಕ್ಕ ಮತ್ತು ಅವಳ ಓರಗಿತ್ತಿ ಮಾತ್ರ ಹಿತ್ತಿಲ ಬೇಲಿಯ ಮೇಲಿಂದ ಉಪ್ಪು, ಹುಣಿಸೆ ದಾಟಿಸುತ್ತಲೇ ಇದ್ದರು. ಹಾಯಿ ಪಂದ್ಯದ ಉಪಾಯ ಹೊಳೆದದ್ದೂ ಅವರಿಬ್ಬರಿಗೇ.

ಬೇಸಿಗೆಯ ಸಂಜೆ ಪಡುವಣ ಗಾಳಿ ಎದ್ದಾಗ, ಮೇವು ಸಾಗಿಸುವ ಪುಟ್ಟ ಮರದ ದೋಣಿಗಳಿಗೆ ಹೆಂಡತಿಯ ಹಳೆಯ ಸೀರೆಯನ್ನೇ ಹಾಯಿಯಾಗಿ ಕಟ್ಟಿ ಪಂದ್ಯ ಬಿಡುವುದು ಸೋಸಲೆಯ ಹೊಳೆದಡದ ಕೆಲವು ಮನೆಗಳ ರೂಢಿ. ಆಚೆ ದಡದಿಂದ ಹೊರಟು, ಈಚೆ ಮೆಟ್ಟಿಲ ಬಳಿ ಕಬ್ಬಿಣದ ಬಳೆ ಇರುವ ಕಲ್ಲನ್ನು ಮೊದಲು ಮುಟ್ಟಿದವನು ಗೆದ್ದಂತೆ. ಬಹುಮಾನ ಒಂದೇ: ಸೋತವನು ಗೆದ್ದವನನ್ನು ಅಂದೇ ಮನೆಗೆ ಕರೆದು ಊಟಕ್ಕಿಡಬೇಕು. ಗೆದ್ದವನು ತಾನಾಗಿ ಬಾಯಿಬಿಟ್ಟು ಕೇಳುವಂತಿಲ್ಲ. ಕರೆದರೆ ಹೋಗದೆ ಇರುವಂತಿಲ್ಲ. ಹೀಗಾಗಿ ಯಾರು ಸೋತರೂ ಅಣ್ಣ ತಮ್ಮಂದಿರು ಒಂದೇ ಪಂಕ್ತಿಯಲ್ಲಿ ಕೂರಬೇಕಾಗಿತ್ತು. ಸೋಲುವವರು ಯಾರೆಂದು ತಿಳಿಯದ್ದರಿಂದ ಎರಡೂ ಮನೆಗಳಲ್ಲಿ ಒಬ್ಬಟ್ಟಿಗೆ ಬೇಳೆ ಬೆಂದಿತ್ತು.

ನಾನು ಆಗ ನಂಜನಗೂಡಿನಲ್ಲಿದ್ದೆ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಬಂದಿಳಿದಾಗ ಅಕ್ಕ ಹೂರಣ ರುಬ್ಬುತ್ತಿದ್ದಳು.

"ನಿಮ್ ಬಾವ ಸೋತ್ರೇನೇ ಒಳ್ಳೇದು ಕಣೋ," ಎಂದಳು. "ಅವ್ರಣ್ಣ ಇಲ್ಲೇ ಬಂದು ಉಣ್ಲಿ. ನಾನು ಕಣ್ಣಾರೆ ನೋಡ್ಬೇಕು."

ದಡದಲ್ಲಿ ಇಪ್ಪತ್ತು ಮೂವತ್ತು ಜನ ಸೇರಿದ್ದರು. ತೀರ್ಪಿಗೆಂದು ನಿವೃತ್ತ ಮೇಷ್ಟ್ರೊಬ್ಬರು ಕೊಡೆ ಹಿಡಿದು ಕಲ್ಲಿನ ಪಕ್ಕ ನಿಂತಿದ್ದರು. ಭಾವನ ದೋಣಿಗೆ ಅಕ್ಕನ ನೀಲಿ ಸೀರೆ, ಅವರಣ್ಣನದಕ್ಕೆ ಓರಗಿತ್ತಿಯ ಕೆಂಪು ಸೀರೆ. ಎರಡೂ ಗಾಳಿ ತುಂಬಿಕೊಂಡು ಹೊರಟಾಗ ಯಾರೋ ಕೂಗಿದರು: "ಎಂಡ್ತೀರ ಸೀರೇನೆಲ್ಲಾ ಒಳೇಗ್ ತಂದವ್ರಲ್ಲೋ, ಮನೇಲಿ ಅವರೇನ್ ಉಟ್ಕಂಡವರೋ!" ಓರಗಿತ್ತಿ ತಕ್ಷಣ ತಿರುಗಿ, "ನಿನ್ ಪಂಚೆ ಉಟ್ಕಂಡಿವ್ನಿ, ಬಾ ನೋಡು," ಎಂದರು. ದಡವೆಲ್ಲ ನಕ್ಕಿತು.

ನೀಲಿ ಸೀರೆ ನಡುಹೊಳೆ ತಲುಪುವ ಹೊತ್ತಿಗೆ ಕೆಂಪು ಸೀರೆ ಮೆಟ್ಟಿಲ ಹತ್ತಿರಕ್ಕೆ ಬಂದಿತ್ತು. ಆಗ ಗಾಳಿ ಥಟ್ಟನೆ ನಿಂತಿತು. ಮರುಕ್ಷಣ ಮೂಡಣದ ಕಡೆಯಿಂದ, ನಮ್ಮ ಬೆನ್ನ ಹಿಂದಿನಿಂದಲೇ, ಬಿರುಗಾಳಿ ಎದ್ದು ದಡದ ಮರಳನ್ನೆಲ್ಲ ಹೊಳೆಯ ಮೇಲೆ ತೂರಿತು. ಮೇಷ್ಟ್ರ ಕೊಡೆ ಮಗುಚಿ ಹಾರಿತು. ಮೇಷ್ಟ್ರೂ ಸೇರಿ ಜನವೆಲ್ಲ ದಡದ ಮೇಲಿನ ಮಂಟಪದತ್ತ ಓಡಿದರು. ನಾನು ಕಣ್ಣು ಮುಚ್ಚಿಕೊಂಡೇ ಕ್ಯಾಮೆರಾ ಎತ್ತಿ ನೀರಿನತ್ತ ಒಮ್ಮೆ ಒತ್ತಿ, ಅವರ ಹಿಂದೆ ಓಡಿ, ಮಂಟಪದ ಬಳಿ ತಿರುಗಿ ಹಾಗೆಯೇ ಇನ್ನೊಮ್ಮೆ ಒತ್ತಿದೆ. ಆಲಿಕಲ್ಲು ಬಿತ್ತು.

ಧೂಳು ಅಡಗಿ ಕಣ್ಣು ಬಿಟ್ಟಾಗ ಎರಡು ದೋಣಿಗಳೂ ನಡುನೀರಿನಲ್ಲಿ ಅಕ್ಕಪಕ್ಕ ಇದ್ದವು. ನೀಲಿ ಸೀರೆ ಹರಿದು ನೀರಿಗೆ ಬಿದ್ದಿತ್ತು. ಭಾವನ ದೋಣಿ ಅರ್ಧ ತುಂಬಿತ್ತು. ಅವರಣ್ಣ ಹಗ್ಗ ಎಸೆದು ಕೂಗುತ್ತಿದ್ದರು: "ಇಡ್ಕೊಳ್ಳಲಾ ಅಗ್ಗಾನ! ಬುಟ್ಬುಟ್ಟೀಯೆ!" ವರ್ಷಗಳ ನಂತರ ತಮ್ಮನಿಗೆ ಅವರು ಆಡಿದ ಮೊದಲ ಮಾತು ಅದು. ನನಗೆ ತಿಳಿದಂತೆ, ಕೊನೆಯದೂ.

ದಡಕ್ಕೆ ಬಂದ ಮೇಲೆ ಮೇಷ್ಟ್ರು ಹೇಳಿದರು: "ಕಲ್ಲು ಯಾರೂ ಮುಟ್ಟಿಲ್ಲ ಕಣ್ರಯ್ಯಾ. ಪಂದ್ಯ ಆಗೇ ಇಲ್ಲ ಅನ್ಕೊಳ್ಳಿ. ಮುಂದಿನ ವಾರ ನೋಡಾಣ." ಅವರಣ್ಣ ತಲೆಯ ಟವೆಲನ್ನು ಹಿಂಡಿಕೊಂಡರು. ಒಮ್ಮೆ ಭಾವನತ್ತ ನೋಡಿದರು. ಮೆಟ್ಟಿಲು ಹತ್ತಿ ಹೋದರು.

ಮನೆಯಲ್ಲಿ ಭಾವ ಒಬ್ಬಟ್ಟು ಮುಟ್ಟಲಿಲ್ಲ. "ಸೋತಿದ್ರೆ ನಾನೇ ಓಗಿ ಕರೀತಿದ್ದೆ," ಎಂದರು.

"ಸೋಲ್ದಿದ್ರೂ ಕರೀಬೋದು. ನಿಮ್ಮನ್ಯಾರು ಕಟ್ಟಾಕವ್ರೆ?" ಎಂದಳು ಅಕ್ಕ.

"ಏನಂತ ಕರೀಲಿ? ಸುಮ್ ಸುಮ್ಕೆ ಓಗಿ ಬಾಗ್ಲಲ್ಲಿ ನಿಂತ್ಕೊಳ್ಲಾ?"

ಅಕ್ಕ ಅವರ ಎಲೆ ಎತ್ತಿದಳು. ಮುಂದಿನ ವಾರ ಮತ್ತೆ ಮಳೆ. ಆಮೇಲೆ ಉಳುಮೆ, ನಾಟಿ. ಪಂದ್ಯ ನಡೆಯಲಿಲ್ಲ.

ಅವರಣ್ಣ ತೀರಿಕೊಂಡದ್ದು ೨೦೦೫ರ ಜನವರಿಯಲ್ಲಿ. ಇದನ್ನೂ ಅಕ್ಕನ ಕ್ಯಾಲೆಂಡರಿನೊಂದಿಗೆ ತಾಳೆ ನೋಡಿದ್ದೇನೆ. ಹನ್ನೊಂದನೆಯ ದಿನದ ತಿಥಿಯ ಚೌಕದಲ್ಲಿ ಬರೆದಿದ್ದಾಳೆ: "ಆ ಮನೆಯಲ್ಲಿ ಎಲೆ ಹಾಕಿದರು. ಇವರು ಉಂಡರು." ಆ ಊಟದ ದಿನ ನಾನೂ ಅಲ್ಲಿದ್ದೆ. ಓರಗಿತ್ತಿಯೇ ಭಾವನಿಗೆ ಬಡಿಸಿದರು. ಸಾಕು ಎನ್ನಲು ಭಾವ ಎಲೆಯ ಮೇಲೆ ಕೈ ಅಡ್ಡ ಹಿಡಿಯಲಿಲ್ಲ. ಬಡಿಸಿದ್ದಷ್ಟನ್ನೂ ತಲೆ ತಗ್ಗಿಸಿ ಉಂಡರು.

ಪಂದ್ಯದ ಆ ಸಂಜೆಯ ಮಾತು ಬಂದಾಗಲೆಲ್ಲ ಭಾವ ಈಗಲೂ ಹೇಳುವುದು ಒಂದೇ: "ಗಾಳೀನೇ ನಮ್ಮಣ್ಣನ್ನ ನನ್ ತಾವ್ಕೆ ತಳ್ಳುಬುಡ್ತು." ದಡದಲ್ಲಿದ್ದ ನಾವೆಲ್ಲರೂ ಹಾಗೆಯೇ ನಂಬಿದ್ದೆವು.

ನಾನು ಬಿರುಗಾಳಿಯಲ್ಲಿ ತೆಗೆದ ಎರಡು ಚಿತ್ರಗಳು ಕಪ್ಪಾಗಿ ಬರುತ್ತವೆಂದು ಸ್ಟುಡಿಯೋದವರು ಅಂದು ಪ್ರಿಂಟ್ ಹಾಕಿರಲಿಲ್ಲ. ಕಳೆದ ತಿಂಗಳು ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿಸಿದಾಗ, ಬೆಳಕು ಹೆಚ್ಚಿಸಿದ ಮೇಲೆ ಅವೆರಡೂ ಸ್ಪಷ್ಟವಾದವು. ಮೊದಲನೆಯದರಲ್ಲಿ ಕೆಂಪು ಸೀರೆಯ ದೋಣಿ ಮೆಟ್ಟಿಲಿಗೆ ತಾಗಿ ನಿಂತಿದೆ. ಅವರಣ್ಣನ ಬಲಗೈ ಕಲ್ಲಿನ ಬಳೆಯನ್ನು ಹಿಡಿದಿದೆ. ಹಿಂದೆ, ದೂರದಲ್ಲಿ, ನೀಲಿ ಸೀರೆ ಒಂದೇ ಬದಿಗೆ ವಾಲಿದೆ. ಎರಡನೆಯದರಲ್ಲಿ ಬಳೆ ಬರಿದಾಗಿದೆ. ಅವರು ಹಾಯಿ ಇಳಿಸಿ, ಕಲ್ಲಿಗೆ ಬೆನ್ನು ಮಾಡಿ, ಹೊಳೆಯತ್ತ ಹುಟ್ಟು ಹಾಕುತ್ತಿದ್ದಾರೆ.

ಅಕ್ಕನ ಚೌಕದಲ್ಲಿರುವ "ಯಾರೂ ಕಲ್ಲು ಮುಟ್ಟಲಿಲ್ಲ" ಎಂಬ ಬರಹಕ್ಕೆ ಇದು ವಿರುದ್ಧವಾಗಿದೆ. ಈ ಎರಡು ಚಿತ್ರಗಳ ಪ್ರಕಾರ ಅಂದು ಗೆದ್ದವರು ಇದ್ದರು, ಸೋತವರೂ ಇದ್ದರು. ಕರೆಯಬೇಕಾಗಿದ್ದವರು ನನ್ನ ಭಾವ.