ಅಜ್ಜಿಯ ಐದು ಇಂಗ್ಲಿಷ್ ವಾಕ್ಯಗಳು

ಬಾಗಲಕೋಟೆ ಕಡೆಯಿಂದ ಬಂದ ನನಗೆ ಬೆಂಗಳೂರೇ ಪರದೇಶ. ನಗಬೇಡಿ. ಮೂಡಲಪಾಳ್ಯದ ಬಾಡಿಗೆ ಮನೆಗೆ ಬಂದ ಮೊದಲ ವಾರ ಅಂಗಡಿಯಲ್ಲಿ "ಉಳ್ಳಾಗಡ್ಡಿ ಕೊಡ್ರಿ" ಎಂದು ಮೂರು ಸಲ ಕೇಳಿದೆ. ಅಂಗಡಿಯವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಕೊನೆಗೆ "ಆನಿಯನ್" ಎಂದ ಮೇಲೆ ಚೀಲಕ್ಕೆ ಈರುಳ್ಳಿ ಬಿತ್ತು. ಕನ್ನಡದವರ ನಡುವೆ ಇಂಗ್ಲಿಷಿನಿಂದ ಬದುಕಿಕೊಂಡವಳು ನಾನು. ನಮ್ಮ ಬೀದಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ನನಗಿಂತ ಯೋಗ್ಯರು ಯಾರಿದ್ದಾರೆ?

ನಮ್ಮ ಓನರ್ ಒಬ್ಬ ಅಜ್ಜಿ. ಈ ಬೀದಿಯೆಲ್ಲ ಒಂದು ಕಾಲಕ್ಕೆ ಅವರ ಮಾವನ ರಾಗಿ ಹೊಲವಾಗಿತ್ತು. ಹೊಲ ಹೋಗಿ ಮೂರು ಮಹಡಿಯ ಮನೆ ಎದ್ದಿದೆ, ಆದರೆ ಅಜ್ಜಿ ಹಸು ಬಿಟ್ಟಿಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಶೀಟು ಹೊದಿಸಿದ ಕೊಟ್ಟಿಗೆ, ಅದರಲ್ಲಿ ಮೂರು ಹಸು. ಮೇಲಿನ ಮಹಡಿಯಲ್ಲಿ ಅಜ್ಜಿಯ ಮಗ, ಸೊಸೆ, ಮೂರನೇ ಕ್ಲಾಸಿನ ಮೊಮ್ಮಗಳು.

ಮನೆ ಕೆಳಗಿನ ಪಾರ್ಕಿಂಗ್‌ನಲ್ಲಿ ಸಂಜೆ ಪಾಠ. ಅಕ್ಕಪಕ್ಕದ ಆರು ಮಕ್ಕಳು ಬರುತ್ತಿದ್ದರು, ಈ ಮೊಮ್ಮಗಳೂ ಸೇರಿ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಕಾರು ನಿಲ್ಲಿಸುವ ಹಳದಿ ಗೆರೆಯೊಳಗೆ ಕನ್ನಡ ಆಡಕೂಡದು ಎಂದು ಕಾನೂನು ಮಾಡಿದೆ. ಎರಡೇ ದಿನದಲ್ಲಿ ಮಕ್ಕಳು ಅದಕ್ಕೆ ದಾರಿ ಕಂಡುಕೊಂಡವು. ಜಗಳ ಬಂದರೆ ಗೆರೆಯ ಹೊರಗೆ ಹೋಗಿ ಕನ್ನಡದಲ್ಲಿ ಹೊಟ್ಟೆ ತುಂಬ ಬೈದಾಡಿ, ಒಳಗೆ ಬಂದು "ಸಾರಿ" ಎನ್ನುತ್ತಿದ್ದವು. ನಾನು ತಾಳ್ಮೆಗೆಟ್ಟು "ಸುಮ್ ಕುಂದರ್ರಲೇ!" ಎಂದರೆ ಇನ್ನೂ ಹತ್ತು ನಿಮಿಷ ನಗು. ಮೊಮ್ಮಗಳಂತೂ ನನ್ನ ಉಚ್ಚಾರಣೆಯನ್ನೇ ತಿದ್ದುತ್ತಿದ್ದಳು. "ಆಂಟಿ, ನಮ್ ಮಿಸ್ ಹಂಗೆ ಹೇಳಲ್ಲ." ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಂಜೆ ಅಜ್ಜಿ ಸೆಗಣಿ ಕೈ ತೊಳೆದುಕೊಂಡು ಗೆರೆಯ ಹೊರಗೆ ಬಂದು ನಿಂತರು.

"ಮೇಡಮ್ಮಾರೆ, ನಂಗೂ ನಾಕು ಇಂಗ್ಲಿಷ್ ಮಾತು ಕಲಿಸ್ಕೊಡಿ."

ವಿಷಯ ಏನೆಂದರೆ, ಮೊಮ್ಮಗಳ ಶಾಲೆಯಲ್ಲಿ ಅಜ್ಜ ಅಜ್ಜಿಯರ ದಿನ. ಒಂದು ಮಗುವಿಗೆ ಒಬ್ಬರು. ಬಂದವರು ಮಗುವಿನ ಜೊತೆ ಸ್ಟೇಜ್ ಹತ್ತಿ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಬೇಕು. ಹುಡುಗಿ ಫಾರಂನಲ್ಲಿ ರಾಜಾಜಿನಗರದ ತಾತನ ಹೆಸರು ಬರೆದಿದ್ದಳು. ಅವರು ತಾಯಿಯ ತಂದೆ, ರಿಟೈರ್ಡ್ ಆಫೀಸರ್, ಇಂಗ್ಲಿಷ್ ಪೇಪರನ್ನು ಗಟ್ಟಿಯಾಗಿ ಓದುವವರು.

"ಹೊತ್ತು ಬೆಳೆಸಿದ್ದು ನಾನು. ಸ್ಟೇಜ್‌ಗೆ ಮಾತ್ರ ಅವ್ರು" ಎಂದರು ಅಜ್ಜಿ. ನಗುತ್ತಲೇ ಹೇಳಿದರು, ಆದರೆ ಒಣಗಿದ ಕೈಯನ್ನೇ ಸೆರಗಿನಿಂದ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು.

ಹುಡುಗಿಯನ್ನು ಕೇಳಿದೆ. "ಅಜ್ಜಿ ಸ್ಟೇಜ್ ಮೇಲೆ ಏನಾದ್ರೂ ಅಂದ್ಬಿಟ್ರೆ ಎಲ್ರೂ ನಗ್ತಾರೆ ಆಂಟಿ" ಎಂದಳು, ನೆಲ ನೋಡುತ್ತ. ಬೈಯಲು ಬಾಯಿ ತೆರೆದೆ, ಬೈಯಲಾಗಲಿಲ್ಲ. ಗಂಡನ ಆಫೀಸಿನವರು ಊಟಕ್ಕೆ ಕರೆದಾಗ, ಊರಿಂದ ಬಂದಿದ್ದ ನನ್ನ ಅವ್ವನಿಗೆ ಮೊಣಕಾಲು ನೋವು ಎಂದು ನೆವ ಹೇಳಿ ಮನೆಯಲ್ಲೇ ಬಿಟ್ಟುಹೋದವಳು ನಾನು. ಅವ್ವನಿಗೆ ಯಾವ ನೋವೂ ಇರಲಿಲ್ಲ.

ಕೊನೆಗೆ ಒಪ್ಪಂದವಾಯಿತು. ಅಜ್ಜಿ ಐದು ವಾಕ್ಯಗಳನ್ನು ಎಲ್ಲ ಮಕ್ಕಳ ಮುಂದೆ ತಪ್ಪಿಲ್ಲದೆ ಹೇಳಿದರೆ ಫಾರಂನಲ್ಲಿ ಹೆಸರು ಬದಲಾಗುತ್ತದೆ. ಹತ್ತು ದಿನ ಸಮಯ.

ನಾನು ಅಚ್ಚುಕಟ್ಟಾದ ಭಾಷಣ ಬರೆದುಕೊಟ್ಟೆ. ಈ ಶಾಲೆಗೆ ಬಂದದ್ದು ನನ್ನ ಭಾಗ್ಯ, ಶಿಕ್ಷಕರಿಗೆ ನಾನು ಋಣಿ, ಇತ್ಯಾದಿ. ಅರ್ಥ ಕೇಳಿ ಅಜ್ಜಿ ಮುಖ ಸಿಂಡರಿಸಿದರು. "ಇಷ್ಟೊಂದು ಸುಳ್ಳು ಯಾಕೇಳ್ಲಿ? ನಾನ್ ಹೇಳ್ತೀನಿ, ನೀವು ಇಂಗ್ಲಿಷ್ ಮಾಡ್ಕೊಡಿ." ಹಾಗೆ ಆದದ್ದು ಇದು: ಗುಡ್ ಮಾರ್ನಿಂಗ್. ಐ ಆಮ್ ಹರ್ ಅಜ್ಜಿ. ಐ ಹ್ಯಾವ್ ತ್ರೀ ಕೌಸ್. ಐ ಡಿಡ್ ನಾಟ್ ಗೋ ಟು ಸ್ಕೂಲ್. ಟುಡೇ ಐ ಕೇಮ್.

"ಕುಂತ್ರೆ ನಂಗೆ ತಲೆ ಓಡಲ್ಲ" ಎಂದರು ಅಜ್ಜಿ. ಹೀಗಾಗಿ ಪಾಠವೇ ಕೊಟ್ಟಿಗೆಗೆ ಹೋಯಿತು. ಅಜ್ಜಿ ಹಾಲು ಕರೆಯುವುದು, ಒಂದೊಂದು ಸಲ ಹಿಂಡಿದಾಗಲೂ ಒಂದೊಂದು ಪದ. ಆರು ಮಕ್ಕಳು ಸುತ್ತ ನಿಂತು ಇನ್‌ಸ್ಪೆಕ್ಟರ್‌ಗಳಂತೆ ತಪ್ಪು ಹಿಡಿಯುವುದು. ಹಸು ಬಾಲ ಬೀಸಿದರೆ ಮೊದಲಿನಿಂದ ಶುರು. ಪಾತ್ರೆ ಹಿಡಿದು ಸಂಜೆ ಹಾಲಿಗೆ ಬಂದವರಿಗೂ "ಗುಡ್ ಮಾರ್ನಿಂಗ್". ಅರ್ಧ ಲೀಟರ್ ಸಾಕು ಎಂದ ಒಬ್ಬರು ಹೆದರಿ ಒಂದು ಲೀಟರ್ ತೆಗೆದುಕೊಂಡು ಹೋದರು. ಹೊಲದ ಆ ತುದಿಯವರನ್ನು ಕೂಗಿ ಕರೆದ ಗಂಟಲು ಅಜ್ಜಿಯದು. ಎಷ್ಟು ಹೇಳಿದರೂ ಇಂಗ್ಲಿಷ್ ಮೆಲ್ಲಗೆ ಬರಲೇ ಇಲ್ಲ.

ಒಂಬತ್ತನೇ ದಿನ ಅಜ್ಜಿ ಐದನ್ನೂ ಒಂದೇ ಉಸಿರಿಗೆ ಹೇಳಿದರು. ಮಕ್ಕಳು ಕಿರುಚಿದ ಸದ್ದಿಗೆ ಹಸು ಬಕೆಟ್ ಒದೆಯಿತು. ಹುಡುಗಿ ಮಾತಿಗೆ ತಪ್ಪಲಿಲ್ಲ, ತಾತನ ಹೆಸರಿಗೆ ವೈಟ್ನರ್ ಬಳಿದು ಅಜ್ಜಿಯ ಹೆಸರು ಬರೆದಳು. ಖುಷಿಯಿಂದ ಬರೆದಳು ಎಂದು ಹೇಳಲಾರೆ. ಅಜ್ಜಿ ಮಾತ್ರ ಹೊಸ ಬ್ಲೌಸ್ ಹೊಲಿಸಿಕೊಂಡರು.

ಶಾಲೆಯ ಕಾರ್ಯಕ್ರಮದ ದಿನ ಬೆಳಿಗ್ಗೆ ಏಳಕ್ಕೆ ನನ್ನ ಬಾಗಿಲು ಬಡಿದ ಸದ್ದು. ಅಜ್ಜಿ ರೇಷ್ಮೆ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿದ್ದರು. ಮೂರರಲ್ಲಿ ಗಬ್ಬವಾಗಿದ್ದ ಒಂದು ಹಸುವಿಗೆ ಒಂದು ವಾರ ಮೊದಲೇ ನೋವು ಶುರುವಾಗಿತ್ತು.

"ಚೊಚ್ಚಲು ಮೇಡಮ್ಮಾರೆ. ಕರು ಅಡ್ಡ ಐತೆ ಅನ್ಸುತ್ತೆ. ಡಾಕ್ಟ್ರು ಬತ್ತಾವ್ರೆ. ಬಿಟ್ಟು ಹೆಂಗ್ ಬರ್ಲಿ? ನೀವೇ ಹೋಗಿ."

ಸೊಸೆ ರಾಜಾಜಿನಗರಕ್ಕೆ ಫೋನ್ ಮಾಡಲು ಹೊರಟರು. "ಬೇಡ" ಎಂದಳು ಹುಡುಗಿ, ಯೂನಿಫಾರ್ಮ್ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತು. "ಅಜ್ಜಿ ಹೆಸರು ಬರ್ದಾಗಿದೆ. ಆಂಟಿ ಬರ್ಲಿ."

ನಲವತ್ತೇಳು ವರ್ಷದ ನನ್ನನ್ನು ಅಜ್ಜಿಯರ ಸಾಲಿನಲ್ಲಿ ಕೂರಿಸಿದರು. ಒಬ್ಬರಿಗೂ ಅನುಮಾನ ಬರಲಿಲ್ಲ, ಅದಕ್ಕೇ ನನಗೆ ಹೆಚ್ಚು ಬೇಜಾರು. ಪಕ್ಕದ ಹಿರಿಯರಂತೂ ಮಂಡಿಗೆ ಯಾವ ಎಣ್ಣೆ ಒಳ್ಳೆಯದು ಎಂದು ನನ್ನನ್ನೇ ಕೇಳಿದರು. ಇರಲಿ, ಸ್ಟೇಜ್ ಮೇಲೆ ನನ್ನ ಇಂಗ್ಲಿಷ್ ತೋರಿಸುತ್ತೇನೆ ಎಂದು ಮನಸ್ಸಿನಲ್ಲೇ ಭಾಷಣ ಜೋಡಿಸಿಕೊಂಡೆ.

ನಮ್ಮ ಸರದಿ ಬಂತು. ನಾನು ಮೈಕಿಗೆ ಕೈ ಚಾಚುವಷ್ಟರಲ್ಲಿ ಹುಡುಗಿ ಅದನ್ನು ಕಿತ್ತುಕೊಂಡಳು.

"ದಿಸ್ ಈಸ್ ನಾಟ್ ಮೈ ಅಜ್ಜಿ" ಎಂದಳು. "ದಿಸ್ ಈಸ್ ಮೈ ಅಜ್ಜೀಸ್ ಟೀಚರ್." ಆಮೇಲೆ ಎದೆ ಉಬ್ಬಿಸಿ, ಹೊಲದ ಆ ತುದಿಗೆ ಕೇಳುವ ಹಾಗೆ, ಅಜ್ಜಿಯ ಗಂಟಲಿನಲ್ಲೇ ಕೂಗಿದಳು: "ಗುಡ್ ಮಾರ್ನಿಂಗ್! ಐ ಆಮ್ ಹರ್ ಅಜ್ಜಿ! ಐ ಹ್ಯಾವ್ ತ್ರೀ ಕೌಸ್! ಐ ಡಿಡ್ ನಾಟ್ ಗೋ ಟು ಸ್ಕೂಲ್!"

ಎಲ್ಲರೂ ನಕ್ಕರು. ಅವಳು ಹೆದರಿದ್ದು ಇದೇ ನಗುವಿಗೆ. ಅವಳು ನಗು ನಿಲ್ಲುವವರೆಗೂ ಕಾದಳು. ಐದನೇ ವಾಕ್ಯಕ್ಕೆ ಬಾಯಿ ತೆರೆದು ತಡವರಿಸಿದಳು. ಬಾರದ ಅಜ್ಜಿಯನ್ನು ಬಂದರು ಎನ್ನುವುದು ಹೇಗೆ? ಒಮ್ಮೆ ನನ್ನ ಕಡೆ ನೋಡಿದಳು.

"ಟುಡೇ ಶಿ ಡಿಡ್ ನಾಟ್ ಕಮ್" ಎಂದಳು, ಈಗ ತನ್ನದೇ ದನಿಯಲ್ಲಿ. "ಅವರ್ ಕೌ ಈಸ್ ಗಿವಿಂಗ್ ಬರ್ತ್. ಟುಮಾರೋ ಶಿ ವಿಲ್ ಕಮ್."

ಹಿಂತಿರುಗಿದಾಗ ಅಜ್ಜಿ ಕೊಟ್ಟಿಗೆಯ ನೆಲದಲ್ಲೇ ಕುಳಿತಿದ್ದರು. ರೇಷ್ಮೆ ಸೀರೆಯ ಗತಿ ಕೇಳಬೇಡಿ. ಕರು ಎದ್ದು ನಿಲ್ಲಲು ಒದ್ದಾಡುತ್ತಿತ್ತು. ಅಜ್ಜಿ ಹುಡುಗಿಯನ್ನು ಕೇಳಲಿಲ್ಲ, ನನ್ನನ್ನು ಕೇಳಿದರು.

"ತಾತ ಬಂದಿದ್ರಾ?"

"ಇಲ್ರಿ ಅಜ್ಜಿ. ಆಕೀನ ಹೇಳಿದ್ಲು, ನಿಮ್ಮ ಮಾತು."

ಹುಡುಗಿ ಶೂ ಸಮೇತ ಸೆಗಣಿ ತುಳಿದುಕೊಂಡು ಅಜ್ಜಿಯ ಪಕ್ಕ ಹೋಗಿ ಕುಕ್ಕರಗಾಲಲ್ಲಿ ಕುಳಿತಳು.

"ಅಜ್ಜೀ, ನಾಳೆ ನೀನು ಸ್ಕೂಲಿಗೆ ಬರ್ತೀಯ ಅಂತ ಹೇಳ್ಬಿಟ್ಟಿದೀನಿ."

"ನಾಳೆ ಏನೈತೆ?"

"ಏನೂ ಇಲ್ಲ. ಸುಮ್ನೆ ಬಾ. ಎಲ್ರೂ ನಿನ್ನ ನೋಡ್ಬೇಕು."